ತಾಂಡಾದ ನಕ್ಷೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಲಂಬಾಣಿ ತಾಂಡಾದವಳು, ಇತಿಹಾಸ ಎಂ.ಎ. ಓದುತ್ತಿದ್ದೇನೆ. ಹಕ್ಕುಪತ್ರಕ್ಕಾಗಿ ನಮ್ಮವರು ನಡೆಸಿದ ಹೋರಾಟವನ್ನು ಡಿಜಿಟಲ್ ನಕ್ಷೆಯಲ್ಲಿ ತೋರಿಸುವ ಆಸೆ. ಕಂಪ್ಯೂಟರ್ ಅಷ್ಟಾಗಿ ಬಾರದು. ಎಲ್ಲಿಂದ ಶುರು ಮಾಡಲಿ?
– ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ನೋಡಿ ತಂಗಿ, ಮೊದಲು ನನ್ನ ತಪ್ಪೊಪ್ಪಿಗೆ. ಭೂಮಾಪಕನಾಗಿ ಮೂವತ್ತು ವರ್ಷ ಸರಪಳಿ ಎಳೆದವನು ನಾನು. ಗ್ರಾಮನಕ್ಷೆಯಲ್ಲಿ ಬಾವಿ, ಹಳ್ಳ, ಬಾಂದುಕಲ್ಲು, ಒಂಟಿ ಬೇವಿನ ಮರ ಯಾವುದನ್ನೂ ಬಿಟ್ಟವನಲ್ಲ. ಆದರೆ ನಲವತ್ತು ಮನೆಗಳ ತಾಂಡಾದಲ್ಲಿ ನಾಯಕನ ಮನೆಯ ಚಹಾ ಕುಡಿದು ಬಂದು, ಕಾಗದದ ಮೇಲೆ ಆ ಜಾಗವನ್ನು ಬರಿದೇ ಬಿಟ್ಟಿದ್ದೆ. ಸರ್ಕಾರಿ ದಾಖಲೆಯಲ್ಲಿ ಕಂದಾಯ ಗ್ರಾಮವಲ್ಲ, ಹಾಗಾಗಿ ಊರಲ್ಲ! 'ದಾಖಲೆರಹಿತ ಜನವಸತಿ' ಎನ್ನುತ್ತಾರಲ್ಲ, ಆ ದಾಖಲೆ ಬರೆಯದೆ ಹೋದವರಲ್ಲಿ ನಾನೂ ಒಬ್ಬ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟ ಸುದ್ದಿ ಓದಿದಾಗ ಆ ಚಹಾ ನೆನಪಾಯಿತು.

ಕಂಪ್ಯೂಟರ್ ಆಮೇಲೆ. ದೊಡ್ಡದೊಂದು ಹಾಳೆ ಹಿಡಿದು ಸೇವಾಲಾಲರ ಗುಡಿಯ ಕಟ್ಟೆಗೆ ಹೋಗಿ, ಅಜ್ಜಿಯರಿಂದಲೇ ಗೆರೆ ಎಳೆಸಿ. ಜಾಗದ ಹೆಸರುಗಳನ್ನು ಅವರು ನಿಮ್ಮ ಲಂಬಾಣಿ ಮಾತಾದ ಗೋರ್‌ಬೋಲಿಯಲ್ಲಿ ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಅರ್ಜಿ ಬರೆಸಿದ್ದು ಯಾವ ಮರದಡಿ? ಧರಣಿಗೆಂದು ಲಾರಿ ಹತ್ತಿದ್ದು ಎಲ್ಲಿ? ಗುಳೆ ಹೊರಟವರು ಪುಣೆಯಲ್ಲಿ, ಗೋವಾದಲ್ಲಿ ಇಳಿಯುವುದು ಎಲ್ಲಿ? ಆ ದಾರಿಯನ್ನೂ ಬರೆಯಿರಿ. ವರ್ಷದ ಎಷ್ಟೋ ತಿಂಗಳು ಅರ್ಧ ತಾಂಡಾ ಅಲ್ಲಿರುತ್ತದಲ್ಲ.

ಆಮೇಲೆ ಮೊಬೈಲ್ ಹಿಡಿದು ಒಂದೊಂದೇ ಜಾಗದಲ್ಲಿ ನಿಂತು ಅಕ್ಷಾಂಶ, ರೇಖಾಂಶ ಗುರುತು ಮಾಡಿಕೊಳ್ಳಿ. ಐದಾರು ಮೀಟರ್ ಆಚೀಚೆಯಾದರೆ ಚಿಂತೆಯಿಲ್ಲ, ನನ್ನ ಸರಪಳಿಯೂ ಬಿಸಿಲಿಗೆ ಹಿಗ್ಗುತ್ತಿತ್ತು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಜನರೇ ಸೇರಿ ಕಟ್ಟುವ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಾಂಡಾದ ಹೆಸರನ್ನು ನೀವೇ ಸೇರಿಸಬಹುದು.

ಆದರೆ ಎಲ್ಲವನ್ನೂ ತೋರಿಸಬೇಡಿ. 1871ರ ಕ್ರಿಮಿನಲ್ ಬುಡಕಟ್ಟು ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತ್ತು. ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ಪೊಲೀಸರ ಕೈಯಲ್ಲಿತ್ತು. ಒತ್ತುವರಿ ನೋಟಿಸು ಬಂದ ಮನೆಯ ಮೇಲೆ ನೀವು ಇಡುವ ಚುಕ್ಕೆಯೂ ಅಂಥದ್ದೇ ಕೈಗೆ ಸಿಗಬಹುದು. ಮಾಂಟ್ರಿಯಲ್‌ನಲ್ಲಿ 2017ರಲ್ಲಿ ಶುರುವಾದ 'ಕ್ವೀರಿಂಗ್ ದ ಮ್ಯಾಪ್' ನಕ್ಷೆಯಲ್ಲಿ ಲೈಂಗಿಕ ಅಲ್ಪಸಂಖ್ಯಾತರು ತಮ್ಮ ನೆನಪುಗಳನ್ನು ಬರೆಯುತ್ತಾರೆ, ಹೆಸರು ಮಾತ್ರ ಹಾಕುವುದಿಲ್ಲ. ಆ ಜಾಣತನ ನಿಮಗೂ ಇರಲಿ.

ನಕ್ಷೆಯನ್ನು ಅಂತರ್ಜಾಲಕ್ಕೆ ಏರಿಸುವ ಮೊದಲು ನಾಯಕ, ಕಾರಭಾರಿಗಳಿಗೆ ತೋರಿಸಿ, ಗೆರೆ ಎಳೆದ ಅಜ್ಜಿಯರಿಗೆ ತಪ್ಪದೆ ತೋರಿಸಿ. ಅವರು ಅಳಿಸು ಎಂದದ್ದನ್ನು ಅಳಿಸಿಬಿಡಿ, ನಿಮ್ಮ ಗೈಡ್ ಎಷ್ಟೇ ಗೊಣಗಲಿ.