ಚಿಕ್ಕ ರೂಮಿಗೆ ಆಕ್ಟಿವ್ ಸ್ಪೀಕರ್ ಸಾಕಾ?

ನಮಸ್ಕಾರ ಸರ್. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆ, 10 ಅಡಿಗೆ 12 ಅಡಿ ರೂಮು. ಸಣ್ಣ ಆಕ್ಟಿವ್ ಬುಕ್‌ಶೆಲ್ಫ್ ಸ್ಪೀಕರ್ ಸಾಕಾ, ಬೇರೆ ಆಂಪ್ಲಿಫೈಯರ್ ಬೇಕಾ ಅಂತ ಕೇಳಿದ್ದೀರಿ. ಧಾರಾಳ ಸಾಕು. ಆಕ್ಟಿವ್ ಅಂದರೆ ಆಂಪ್ಲಿಫೈಯರ್ ಸ್ಪೀಕರ್ ಒಳಗೇ ಇರುತ್ತದೆ ಅಂತ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ 4 ಇಂಚಿನ ವೂಫರ್ (ಬಾಸ್, ಅಂದರೆ ದಪ್ಪ ಸದ್ದು ಕೊಡುವ ಭಾಗ) ಇರುವ ಜೋಡಿ ಇದೆ. ಟಿವಿಗೆ ಆಪ್ಟಿಕಲ್ ಕೇಬಲ್, ಮೊಬೈಲ್‌ಗೆ ಬ್ಲೂಟೂತ್, ಅಷ್ಟೇ.

ಆದರೆ ಎಲ್ಲಿ ಇಡುತ್ತೀರಿ ಅನ್ನೋದೇ ಮುಖ್ಯ. ಮೊದಲ ವಾರ ನಾನು ಮೂಲೆಯಲ್ಲಿ, ಸ್ಟೀಲ್ ಬೀರುವಿನ ಪಕ್ಕ ಇಟ್ಟಿದ್ದೆ. ತಬಲಾದ ಎಡಕ್ಕೆ ಪೆಟ್ಟು ಬಿದ್ದರೆ ಖಾಲಿ ಕೊಡ ಬಡಿದ ಹಾಗೆ ಗುಂಯ್ ಅನ್ನುತ್ತಿತ್ತು, ಬೀರುವಿನ ಹಿಡಿಕೆ ಬೇರೆ ಗಡಗಡ. ಸುಮ್ನೆ ದುಡ್ಡು ಹಾಳಾಯ್ತು ಅಂದುಕೊಂಡೆ. ಬಾಸ್ ಹೊರಬರುವ ತೂತು, ಅಂದರೆ ಬಾಸ್ ಪೋರ್ಟ್, ಹಿಂಬದಿಗಿತ್ತು, ಗೋಡೆ ಮತ್ತು ಮೂಲೆ ಸೇರಿ ಬಾಸ್ ಜಾಸ್ತಿ ಮಾಡುತ್ತಿದ್ದವು. ಒಂದಡಿ ಮುಂದೆ ತಂದೆ. ತೆಳು ಸದ್ದು ಕೊಡುವ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ ಅಂತ ಕೆಳಗೆ ಎರಡು ದಪ್ಪ ನಿಘಂಟು ಕೊಟ್ಟೆ. ಆಮೇಲೆ ನಿಮ್ಮೂರಿನ ಮಲ್ಲಿಕಾರ್ಜುನ ಮನ್ಸೂರರ ಹಳೆ ರೆಕಾರ್ಡಿಂಗ್ ಹಾಕಿದೆ. ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳಿದವು, ಅವರು ಉಸಿರೆಳೆದುಕೊಳ್ಳುವುದೂ ಕೇಳಿತು. ಚಹಾ ಆರಿಹೋಗಿದ್ದು ಗೊತ್ತೇ ಆಗಲಿಲ್ಲ.

ಗಣಪತಿ ಮೆರವಣಿಗೆಯ ಡಿಜೆ ಬಾಸ್ ಮಾತ್ರ ಬಯಸಬೇಡಿ. ಅದು ಬೇಕಾದರೆ ಸಬ್‌ವೂಫರ್ ಔಟ್ (ಬಾಸ್‌ಗೇ ಅಂತ ಬೇರೆ ಸ್ಪೀಕರ್ ಜೋಡಿಸುವ ಕಿಂಡಿ) ಇರುವ ಮಾಡೆಲ್ ನೋಡಿ, ಕೆಳಗಿನ ಮನೆಯವರು ಸುಮ್ಮನಿದ್ದರೆ! ಇನ್ನೊಂದು: ಬಹಳಷ್ಟು ಮಾಡೆಲ್‌ಗಳಲ್ಲಿ ಕರೆಂಟ್ ಒಂದೇ ಸ್ಪೀಕರಿಗೆ, ಅಲ್ಲಿಂದ ಇನ್ನೊಂದಕ್ಕೆ ವೈರ್ ಹೋಗುತ್ತದೆ. ನಿಮ್ಮ ಟಿವಿ ಸ್ಟ್ಯಾಂಡ್ ಅಗಲ ಅಳೆದುಕೊಂಡೇ ಅಂಗಡಿಗೆ ಹೋಗಿ, ನನಗೆ ಬಂದ ವೈರ್ ಅರ್ಧ ಅಡಿ ಸಾಲಲಿಲ್ಲ.