ಕಾಕಾನ ಹಿಮ್ಮಡಿಯಲ್ಲಿ ಮೆಲನೋಮ. ಜೀನ್ ಬದಲಿಸಿ ವಾಸಿ ಮಾಡುತ್ತಾರಂತೆ, ನಿಜಾನಾ?

ಶಹಾಪುರದಿಂದ ಕೇಳಿದ್ದೀರಿ. ಆಣಿ ಅಂದುಕೊಂಡಿದ್ದ ಕಪ್ಪು ಗಾಯ ಬಯಾಪ್ಸಿಯಲ್ಲಿ ಮೆಲನೋಮ, ಅಂದರೆ ಚರ್ಮದ ಒಂದು ಕ್ಯಾನ್ಸರ್, ಅಂತ ಬಂತು ಅಂದಿರಿ. ನಾನು ಡಾಕ್ಟರ್ ಅಲ್ಲ ರೀ. ಕಲಬುರಗಿಯ ಒಂದು ಲ್ಯಾಬಿನಲ್ಲಿ ಇಂಥ ತುಂಡುಗಳನ್ನು ಮೇಣದಲ್ಲಿ ಕೂರಿಸಿ ತೆಳ್ಳಗೆ ಕೊಯ್ಯುವವನು.

ಕಾಕಾನ ಜೀನ್ ಯಾರೂ ಬದಲಿಸುವುದಿಲ್ಲ. ಗಡ್ಡೆಯ ಜೀನ್ ಓದುತ್ತಾರೆ, ಅದಕ್ಕೆ ಒಪ್ಪುವ ಮಾತ್ರೆ ಹುಡುಕುತ್ತಾರೆ. ಚರ್ಮದ ಮೆಲನೋಮದಲ್ಲಿ ಸುಮಾರು ಅರ್ಧದಷ್ಟಕ್ಕೆ ಬಿ-ರಾಫ್ ಅನ್ನುವ ಜೀನ್ ಕೆಟ್ಟಿರುತ್ತದೆ. ಅದಕ್ಕೆ 2011ರಲ್ಲೇ ಅಮೆರಿಕದಲ್ಲಿ ಮಾತ್ರೆ ಬಂತು. ಒಂದೇ ಮಾತ್ರೆಗೆ ಗಡ್ಡೆ ಬೇಗ ಜಗ್ಗದಂತಾಗುತ್ತದೆ, ಹಾಗಾಗಿ ಈಗ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಜೋಡಿಯಾಗಿ ಕೊಡುತ್ತಾರೆ.

ಆದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವ ಮೆಲನೋಮದ ಜಾತಿಯೇ ಬೇರೆ. ಬಿಸಿಲಿಗೂ ಅದಕ್ಕೂ ಅಷ್ಟು ನಂಟಿಲ್ಲ. ಅದರಲ್ಲಿ ಬಿ-ರಾಫ್ ಕೆಟ್ಟಿರುವುದು ಕಡಿಮೆ, ಕೆಲವರಲ್ಲಿ ಕಿಟ್ ಅನ್ನುವ ಜೀನ್ ಕೆಟ್ಟಿರುತ್ತದೆ. ಎರಡನ್ನೂ ಟೆಸ್ಟ್ ಮಾಡಿಸಿ ಅಂತ ಕೇಳಿ. ಎರಡೂ ಇಲ್ಲದಿದ್ದರೂ ಇಮ್ಯುನೋಥೆರಪಿ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧ. ಅದು ದುಬಾರಿ. ರೋಗ ಹರಡಿಲ್ಲ ಅಂದರೆ ಮೊದಲು ಆಪರೇಷನ್ನೇ.

ನಿಜವಾದ ಜೀನ್ ಚಿಕಿತ್ಸೆಯೂ ಒಂದಿದೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ವೈರಸ್ಸಿನ ಎರಡು ಜೀನ್ ತೆಗೆದು, ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಮನುಷ್ಯನ ಒಂದು ಜೀನ್ ಸೇರಿಸಿ, ಗಡ್ಡೆಗೇ ಚುಚ್ಚುತ್ತಾರೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಶ್ವಾಸಕೋಶ, ಲಿವರಿಗೆ ಹೋದ ರೋಗಕ್ಕೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಅದರ ಹಿಂದೆ ಸುಮ್ನೆ ಓಡಬೇಡಿ.

ಈಗ ನನ್ನ ಕೆಲಸದ ಮಾತು. ಜೀನ್ ಟೆಸ್ಟಿಗೆ ರಿಪೋರ್ಟ್ ಸಾಲದು, ಗಡ್ಡೆಯ ತುಂಡು ಕೂರಿಸಿದ ಮೇಣದ ಬ್ಲಾಕ್ ಬೇಕು. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಕೇಳಿದರೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಅದನ್ನು ಟೆಸ್ಟಿಗೆ ಅಂತ ಹೈದರಾಬಾದಿಗೆ ಒಯ್ಯುವುದಾದರೆ ಕಾರಿನ ಗಾಜಿನ ಹತ್ತಿರ ಇಡಬೇಡಿ. ಆ ಮೇಣ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ನಮ್ಮ ಮೇ ತಿಂಗಳು ಗೊತ್ತಲ್ವಾ. ಒಬ್ಬರು ತಂದಾಗ ಬ್ಲಾಕ್ ಕವರಿಗೇ ಅಂಟಿಕೊಂಡಿತ್ತು. ಪುಣ್ಯಕ್ಕೆ ತುಂಡು ಉಳಿದಿತ್ತು, ಮತ್ತೆ ಕೂರಿಸಿದೆ.

ಬ್ಲಾಕ್ ಕೇಳಲು ಹೋಗುವಾಗ ಬಯಾಪ್ಸಿ ನಂಬರ್ ಬರೆದುಕೊಂಡು ಹೋಗಿ. ಬರೀ ಹೆಸರು ಹೇಳಿದರೆ ಅರ್ಧ ದಿನ ಹುಡುಕಬೇಕು. ನಮ್ಮ ರಿಜಿಸ್ಟರಿನಲ್ಲಿ ಶರಣಪ್ಪಗಳೇ ಜಾಸ್ತಿ.