ಬ್ರಿಟಿಷ್ ನಟ ಅಲನ್ ರಿಕ್‌ಮನ್ ಸಿನಿಮಾಕ್ಕೆ ಅಷ್ಟು ತಡವಾಗಿ, 42ನೇ ವಯಸ್ಸಿನಲ್ಲಿ ಬಂದದ್ದು ಯಾಕೆ?

ನಟನೆಗೇ ತಡವಾಗಿ ಬಂದವರು ಅವರು. ಓದಿದ್ದು ಗ್ರಾಫಿಕ್ ಡಿಸೈನ್; ಲಂಡನ್‌ನಲ್ಲಿ ಗೆಳೆಯರ ಜೊತೆ ಸ್ವಂತ ಸ್ಟುಡಿಯೋ ನಡೆಸುತ್ತಿದ್ದರು. ಅದನ್ನು ಬಿಟ್ಟು ‘ರಾಡಾ’ ನಾಟಕಶಾಲೆ ಸೇರಿದಾಗ ವಯಸ್ಸು 26. ಆಮೇಲಿನ ವರ್ಷಗಳೆಲ್ಲ ಹೆಚ್ಚಾಗಿ ರಂಗಭೂಮಿಗೇ ಹೋದವು, ನಡುವೆ ಒಂದಿಷ್ಟು ಟಿವಿ.

ಬಾಗಿಲು ತೆರೆದದ್ದೂ ನಾಟಕವೇ. ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ನಾಟಕದೊಂದಿಗೆ 1987ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಹೋದರು. ಅಲ್ಲಿ ಅವರನ್ನು ಕಂಡ ಹಾಲಿವುಡ್‌ನವರು ‘ಡೈ ಹಾರ್ಡ್’ (1988) ಚಿತ್ರದ ಖಳನ ಪಾತ್ರ ಕೊಟ್ಟರು. ಅದರಲ್ಲಿ ನಾಯಕನ ಕೈಗೆ ಸಿಕ್ಕಿಬಿದ್ದ ಕೂಡಲೇ ಉಚ್ಚಾರಣೆ ಬದಲಿಸಿ, ಹೆದರಿದ ಅಮೆರಿಕನ್ ಒತ್ತೆಯಾಳಾಗಿಬಿಡುತ್ತಾರಲ್ಲ, ಆ ದೃಶ್ಯ ನೋಡಿ. ಮೊದಲ ಸಿನಿಮಾದಲ್ಲೇ ಅಷ್ಟು ಹಿಡಿತ! ವರ್ಷಗಟ್ಟಲೆ ರಂಗದ ಮೇಲೆ ಪಳಗಿದ ದನಿ ಅದು.